ಕೈ ಬೇಕು, ಕೈನೀರು ಬೇಡ

"ನಮ್ಮಲ್ಲಿ ಜಾತಿ ಗೀತಿ ಏನಿಲ್ಲಪ್ಪ, ಎಲ್ಲರಿಗೂ ಕೆಲಸ ಕೊಡ್ತೀವಿ." ಶಿಕಾರಿಪುರದ ಸಾಹುಕಾರನೂ ಸೊರಬದ ತೋಟದ ಧಣಿಯೂ ಆಡುವ ಮಾತು ಇದು. ಬೆಂಗಳೂರಿನ ಕಂಪನಿಗಳು ಇದನ್ನೇ 'ವೈವಿಧ್ಯ', 'ಒಳಗೊಳ್ಳುವಿಕೆ' ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತವೆ. ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ದಲಿತರಿಗೆ ಕೆಲಸ ಕೊಡಲಿಲ್ಲ ಎಂಬ ಅಪವಾದ ಈ ನೆಲದ ಯಾವ ಧಣಿಯ ಮೇಲೂ ಇಲ್ಲ. ಅಪ್ಪನ ಸಾಲಕ್ಕೆ ಮಗನಿಗೂ ಕೆಲಸ ಕೊಟ್ಟರು. ಅದನ್ನು ನಿಲ್ಲಿಸಲು 1976ರಲ್ಲಿ ಜೀತ ರದ್ದತಿ ಕಾಯ್ದೆಯೇ ಬರಬೇಕಾಯಿತು. ಆದ್ದರಿಂದ ಕೆಲಸ ಕೊಟ್ಟಿರೋ ಇಲ್ಲವೋ ಅನ್ನೋದು ಪ್ರಶ್ನೆಯೇ ಅಲ್ಲ. ಯಾವ ಕೆಲಸ ಕೊಟ್ಟಿರಿ? ಆ ಕೈ ಮುಟ್ಟಿದ್ದನ್ನು ನೀವು ಬಾಯಿಗೆ ಇಟ್ಟಿರಾ?

ಅಡಿಕೆ ಸುಗ್ಗಿಯನ್ನೇ ನೋಡಿ. ಗೊನೆ ಇಳಿಸುವವರು, ಹೊರುವವರು, ರಾತ್ರಿಯೆಲ್ಲ ಕತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರು – ಇವರಲ್ಲಿ ನಮ್ಮ ಕೇರಿಯವರು ಎಷ್ಟು ಮಂದಿ! ಅವರ ಬೆರಳು ತಾಗದ ಅಡಿಕೆ ಇಲ್ಲ. ಅದೇ ಅಡಿಕೆ ಮದುವೆಯ ತಾಂಬೂಲಕ್ಕೂ ಆಗುತ್ತದೆ, ದೇವರ ಮುಂದೂ ಕೂರುತ್ತದೆ. ಆದರೆ ಸುಲಿದವಳು ನೀರು ಕೇಳಿದರೆ ಎಷ್ಟೋ ಅಂಗಳಗಳಲ್ಲಿ ಇವತ್ತಿಗೂ ಲೋಟ ಬೇರೆ. ಅಡಿಕೆಗೆ ಇಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು? ಈ ಮೈಲಿಗೆಗೆ ರೂಪಾಯಿಯ ಲೆಕ್ಕ ಚೆನ್ನಾಗಿ ಬರುತ್ತದೆ, ಅಷ್ಟೇ.

ಇದು ಹಳ್ಳಿಯ ರೋಗ, ಯಂತ್ರ ಬಂದರೆ ತಾನಾಗಿ ವಾಸಿಯಾಗುತ್ತದೆ ಎಂದು ನಂಬಿದವರು ಎಡಪಂಥದ ಗೆಳೆಯರಲ್ಲೂ ಇದ್ದರು. ಆದರೆ 1928ರಲ್ಲಿ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆದಾಗ ಏನಿತ್ತು? ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ದಲಿತನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟಲೊಲ್ಲ. ಈ ತಡೆ ತೆಗೆಯುವುದೂ ಮುಷ್ಕರದ ಬೇಡಿಕೆಯಾಗಲಿ ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಗಮನಿಸಿ, ಅಲ್ಲಿ ಅಡ್ಡ ನಿಂತವನು ಬರೀ ಮಾಲೀಕ ಅಲ್ಲ, ಪಕ್ಕದ ಮಗ್ಗದ ಕಾರ್ಮಿಕ.

ಕಷ್ಟದ ಪ್ರಶ್ನೆ ಇರುವುದು ಇಲ್ಲೇ. "ನನಗೇನಿಲ್ಲ ಮಾರಾಯ, ಗಿರಾಕಿ ಬರಲ್ಲ" ಅನ್ನುತ್ತಾನೆ ಹೋಟೆಲಿನವನು. ತಟ್ಟೆ ತೊಳೆಯಲು ನಮ್ಮ ಹುಡುಗ ಬೇಕು, ಒಲೆಯ ಮುಂದೆ ಬೇಡ. ಮನಸ್ಸಿನಲ್ಲಿ ನಿಜವಾಗಿಯೂ ಅಸಹ್ಯ ಇಲ್ಲದವನು ಬೇರೆಯವರ ಅಸಹ್ಯಕ್ಕೆ ತಲೆಬಾಗಿದರೆ ಅದು ಅವನ ತಪ್ಪೇ? ತಪ್ಪೇ ಎನ್ನುತ್ತೇವೆ ನಾವು. ಕದ್ದ ಮಾಲು ಕೊಂಡವನು 'ಕದ್ದವನು ನಾನಲ್ಲ' ಎಂದ ಹಾಗಾಯಿತು ಇದು. ಆ ಅಸಹ್ಯದಿಂದ ಅವನ ಗಲ್ಲಾಪೆಟ್ಟಿಗೆ ತುಂಬುತ್ತದೆ. ಮೇಲಾಗಿ ಊರಿನಲ್ಲಿ 'ಉಣ್ಣೋದಾದರೆ ಉಣ್ಣಿ, ಇಲ್ಲಾಂದ್ರೆ ಎದ್ದು ಹೋಗಿ' ಅನ್ನುವ ತಾಕತ್ತು ಇರುವುದು ಅವನಿಗೆ, ಕೂಲಿಯವನಿಗಲ್ಲ. ಹಾಗಂದರೆ ನಷ್ಟವಾಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ನಷ್ಟವನ್ನು ಈಗಲೂ ಒಬ್ಬರು ತುಂಬಿಕೊಡುತ್ತಿದ್ದಾರಲ್ಲ! ಒಲೆಯ ಮುಂದೆ ನಿಂತು ಭಟ್ಟನ ಕೂಲಿ ಎಣಿಸಬೇಕಾದ ಹುಡುಗ ತಟ್ಟೆ ತೊಳೆಯುವ ಕೂಲಿ ಎಣಿಸುತ್ತಿದ್ದಾನೆ. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನದ 17ನೆಯ ವಿಧಿಯಲ್ಲಿ ಗಿರಾಕಿಯ ಒಪ್ಪಿಗೆ ಕೇಳಿ ಎಂದು ಬರೆದಿಲ್ಲ.

ನಮ್ಮದು ಅಲ್ಲಮ, ಅಕ್ಕ ಹುಟ್ಟಿದ ಸೀಮೆ, ಇಲ್ಲಿ ಮೊದಲಿನಿಂದಲೂ ಎಲ್ಲರನ್ನೂ ಒಳಗೊಂಡಿದ್ದೇವೆ ಎಂದು ಭಾಷಣ ಮಾಡುವವರುಂಟು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನು ಎತ್ತಿ ತೋರಿಸುತ್ತಾರೆ. ದೊಡ್ಡ ಶಾಸನವೇ ಸರಿ. ಬಡವರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ನಾನಾ ಮತದ ಭಿಕ್ಷುಕರು – ಎಲ್ಲರಿಗೂ ಅಲ್ಲಿ ಅನ್ನ, ರೋಗಿಗೆ ಔಷಧ. ಆದರೆ ಅನ್ನ ಕೊಡುವವನ ಕೈ ಯಾವತ್ತೂ ಮೇಲೇ ಇರುತ್ತದೆ. ಕೊಟ್ಟರೆ ಮೈಲಿಗೆ ಇಲ್ಲ, ಪುಣ್ಯ ಉಂಟು. ತಗೊಂಡರೆ ಮೈಲಿಗೆ. ಇವತ್ತಿನ ಮಾಲೀಕನೂ 'ಒಳಗೊಳ್ಳುವಿಕೆ' ಅಂದಾಗ ಕೊಡುವವನ ಜಾಗದಲ್ಲೇ ನಿಂತು ಮಾತಾಡುತ್ತಾನೆ. ಅಕ್ಕಿ ಬೆಳೆದವರನ್ನು ಅಕ್ಕಿಯ ಮನೆಯೊಳಗೆ ಇವನು ಕರೆದುಕೊಳ್ಳುತ್ತಾನಂತೆ!

ಈ ದಿಕ್ಕನ್ನು ತಿರುಗಿಸಿದ್ದು 2004ರ ಏಪ್ರಿಲ್ 20ರ ಸುಪ್ರೀಂ ಕೋರ್ಟಿನ ಆದೇಶ. ಶಾಲೆಯ ಬಿಸಿಯೂಟದ ಅಡುಗೆಯವರ, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದಿತು. ಇಲ್ಲಿ ದಲಿತ ಹೆಂಗಸು ಬಡಿಸುವವಳು, ಊರಿನ ಮಕ್ಕಳು ತಗೊಳ್ಳುವವರು. ಸಂಬಳ ಜುಜುಬಿ, ಅದರ ಜಗಳ ಬೇರೆಯೇ ಇದೆ. ಆದರೆ ಸೌಟು ಯಾರ ಕೈಯಲ್ಲಿ ಎಂಬ ಪ್ರಶ್ನೆ ಎತ್ತಿದ ನೇಮಕ ಇದು. ಅದಕ್ಕೇ ನಾಲ್ಕು ಮನೆಯವರು ಬಂದು ಗದ್ದಲ ಮಾಡಿದ ಕೂಡಲೇ 'ಊರಿನ ಶಾಂತಿ'ಯ ಹೆಸರು ಹೇಳಿ ಅವಳನ್ನು ಪಾತ್ರೆ ತೊಳೆಯಲು ಕಳಿಸುವ ಉಪಾಯ ಹುಟ್ಟುತ್ತದೆ. ನೇಮಕದ ಲೆಕ್ಕ ಸರಿಯಾಗಿಯೇ ಇರುತ್ತದೆ, ಹಾಜರಿ ಪುಸ್ತಕದಲ್ಲಿ ಅವಳ ಹೆಸರೂ ಇರುತ್ತದೆ.

ಇದನ್ನು ಓದುವ ಮೇಷ್ಟ್ರುಗಳು ಶಿಕಾರಿಪುರ, ಸೊರಬದ ಶಾಲೆಗಳಲ್ಲಿ ಹಾಜರಿ ಪುಸ್ತಕ ಬಿಟ್ಟು ಅಡುಗೆಮನೆಗೆ ಹೋಗಿ ನೋಡಬೇಕು. ಅನ್ನಕ್ಕೆ ಎಸರಿಡುವವರು ಯಾರು, ಪಾತ್ರೆ ಉಜ್ಜುವವರು ಯಾರು, ಯಾವತ್ತಿನಿಂದ ಹಾಗೆ, ಯಾರು ಹೇಳಿದ್ದು? ಬರೆದುಕೊಳ್ಳಿ. ಆಮೇಲೆ ಮಕ್ಕಳ ಸಾಲಿನಲ್ಲಿ ಕೂತು ಅವಳ ಕೈಯಿಂದಲೇ ಬಡಿಸಿಕೊಂಡು ಉಣ್ಣಿ.