*ಇಂದಿನ ಧಮ್ಮಚಿಂತನೆ: ಅಪ್ಪನ ಅಳತೆ, ಮಗನ ಅಳತೆ*



ಗುರುಹಿರಿಯರು ಹೇಳಿದ್ದನ್ನು ಪರೀಕ್ಷಿಸುವುದು ಅವರಿಗೆ ಮಾಡುವ ಅವಮಾನವೇ? ಕಾಲಾಮ ಸುತ್ತ ಓದುವಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ನಾನು ಕನ್ನಡ ಮೇಷ್ಟ್ರು, ವಿಜ್ಞಾನ ಓದಿದವನಲ್ಲ. ಆದರೂ ನನಗೆ ಉತ್ತರ ಸಿಕ್ಕಿದ್ದು ಭೂಮಿಯ ಆಕಾರದ ಕತೆಯಲ್ಲಿ.

ಭೂಮಿ ಪೂರ್ತಿ ದುಂಡಗಿಲ್ಲ. ತನ್ನ ಸುತ್ತ ತಾನೇ ತಿರುಗುವುದರಿಂದ ನಡುವೆ ಉಬ್ಬಿ, ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಸಮಭಾಜಕ ವೃತ್ತದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸುತ್ತುತ್ತದೆ, ಧ್ರುವದಲ್ಲಿ ಆ ವೇಗ ಸೊನ್ನೆ. ನಡುಭಾಗದಲ್ಲಿ ಗುರುತ್ವದ ಒಂದು ಪಾಲು ನೆಲವನ್ನು ಸುತ್ತಿನಲ್ಲಿ ಹಿಡಿದಿಡಲಿಕ್ಕೇ ಖರ್ಚಾಗುತ್ತದೆ. ಹಾಗಾಗಿ ಅಲ್ಲಿ ಉಬ್ಬು. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357.

ನ್ಯೂಟನ್ 1687ರಲ್ಲೇ ಲೆಕ್ಕ ಹಾಕಿ ಇದನ್ನು ಹೇಳಿದ. ಫ್ರಾನ್ಸಿನ ಖಗೋಳಜ್ಞ ಜಾಕ್ ಕಸಿನಿ ಒಪ್ಪಲಿಲ್ಲ. ಅವನೂ ಅವನ ತಂದೆಯೂ ನೆಲವನ್ನೇ ಅಳೆದಿದ್ದರು. ಆ ಅಳತೆಯಂತೆ ಭೂಮಿ ಧ್ರುವಗಳ ಕಡೆಗೆ ಉದ್ದ.

ವಾದ ತೀರಲು ಮತ್ತೆ ಅಳೆಯುವುದೊಂದೇ ದಾರಿ. ಫ್ರೆಂಚ್ ಅಕಾಡೆಮಿ 1735ರಲ್ಲಿ ಒಂದು ತಂಡವನ್ನು ಇಂದಿನ ಈಕ್ವೆಡಾರ್‌ಗೆ, 1736ರಲ್ಲಿ ಇನ್ನೊಂದನ್ನು ಲ್ಯಾಪ್‌ಲ್ಯಾಂಡ್‌ಗೆ ಕಳಿಸಿತು. ನೆಲ ಚಪ್ಪಟೆ ಇದ್ದಲ್ಲಿ ಒಂದು ಡಿಗ್ರಿ ಅಕ್ಷಾಂಶ ದಾಟಲು ಹೆಚ್ಚು ದೂರ ನಡೆಯಬೇಕು. ಲ್ಯಾಪ್‌ಲ್ಯಾಂಡಿನ ಡಿಗ್ರಿ ಫ್ರಾನ್ಸಿನದಕ್ಕಿಂತ ಉದ್ದವೇ ಬಂತು.

ನನ್ನ ಮನಸ್ಸು ನಿಲ್ಲುವುದು ಮುಂದಿನ ಸಂಗತಿಯಲ್ಲಿ. ಜಾಕ್‌ನ ಮಗ ಸೆಸಾರ್ ಫ್ರಾನ್ಸ್ವಾ, ಅಜ್ಜ ಮತ್ತು ಅಪ್ಪ ಅಳೆದಿದ್ದ ಗೆರೆಯನ್ನೇ 1739-40ರಲ್ಲಿ ಜೊತೆಗಾರರೊಂದಿಗೆ ಮತ್ತೆ ಅಳೆಯಲು ಇಳಿದ. ಫಲಿತಾಂಶ ನ್ಯೂಟನ್ ಕಡೆಗಿತ್ತು. ಅಪ್ಪ ಇನ್ನೂ ಬದುಕಿದ್ದ. ಮಗ ಬಚ್ಚಿಡಲಿಲ್ಲ, 1744ರಲ್ಲಿ ಅಚ್ಚು ಹಾಕಿಸಿದ.

ಇದು ಮನೆತನಕ್ಕೆ ದ್ರೋಹವೇ? ನನಗೆ ಹಾಗನ್ನಿಸುವುದಿಲ್ಲ. ಹಿರಿಯರಿಂದ ಅವನಿಗೆ ಬಂದ ನಿಜವಾದ ಆಸ್ತಿ ಅಳೆಯುವ ವಿದ್ಯೆ. ಅವರ ಒಂದು ಅಂಕಿಯನ್ನು ಉಳಿಸಲು ಆ ವಿದ್ಯೆಯನ್ನೇ ಕೈಬಿಟ್ಟಿದ್ದರೆ ಅದು ದ್ರೋಹವಾಗುತ್ತಿತ್ತು.

ಬುದ್ಧರು ತಮ್ಮ ಮಾತು ಪ್ರಶ್ನಾತೀತ ಎನ್ನಲಿಲ್ಲ. ಬಾಬಾಸಾಹೇಬರು ಅವರನ್ನು ಮೆಚ್ಚಿದ್ದು ಇದಕ್ಕೂ ಹೌದು. ಇಬ್ಬರ ಭಾವಚಿತ್ರಕ್ಕೂ ಹಾರ ಹಾಕಿ, ಅದೇ ಕೋಣೆಯಲ್ಲಿ "ಯಾಕೆ?" ಎಂದು ಕೇಳಿದ ಮಗುವಿನ ಬಾಯಿ ಮುಚ್ಚಿಸಿದರೆ, ನಾವು ಉಳಿಸಿಕೊಂಡದ್ದೇನು? ಇವತ್ತು ಮನೆಯಲ್ಲಿ ಒಂದು ಪ್ರಶ್ನೆಗಾದರೂ ಜಾಗ ಕೊಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏