ಕಾಣುವುದೂ ಕಾಣಿಸಿಕೊಳ್ಳುವುದೂ



ಮನುಷ್ಯನು ಮರೆಯಲ್ಲಿರಲು ಬಯಸುವುದು ತಪ್ಪೇ? ತಪ್ಪೆಂದು ಥಟ್ಟನೆ ಹೇಳುವಂತಿಲ್ಲ. ಮನೆಗೆ ಬಾಗಿಲುಂಟು, ಕಿಟಕಿಗೆ ಪರದೆಯುಂಟು. ನಾವು ಧರಿಸುವ ಇಷ್ಟಲಿಂಗವೂ ವಸ್ತ್ರದ ಮರೆಯಲ್ಲಿಯೇ ಇರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅದೇ ನ್ಯಾಯಾಲಯವು 2012ರ ಏಪ್ರಿಲ್ 27ರಂದು ವಾಹನದ ಗಾಜುಗಳಿಗೆ ಕಪ್ಪು ಹಾಳೆ ಅಂಟಿಸುವುದನ್ನು ನಿಷೇಧಿಸಿತ್ತು. ಇವೆರಡೂ ಒಂದಕ್ಕೊಂದು ವಿರುದ್ಧವೇ? ಇದಕ್ಕೆ ನಮಗೆ ಉತ್ತರ ದೊರೆತುದು ಗ್ರಂಥದಿಂದಲ್ಲ, ಒಂದು ಹಳೆಯ ಕಾರಿನಿಂದ.

ಹಲವು ವರ್ಷಗಳ ಹಿಂದೆ ಭಕ್ತರೊಬ್ಬರು ತಾವು ಬಳಸಿದ ಕಾರನ್ನು ಮಠಕ್ಕೆ ಅರ್ಪಿಸಿದರು. ಅದರ ಗಾಜುಗಳಿಗೆಲ್ಲ ಸನ್ ಫಿಲ್ಮ್ ಎನ್ನುವ ಕಪ್ಪು ಹಾಳೆ ಮೆತ್ತಿತ್ತು. 1989ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಬೆಳಕು ಶೇಕಡ 70ರಷ್ಟಾದರೂ, ಪಕ್ಕದ ಗಾಜುಗಳ ಮೂಲಕ ಶೇಕಡ 50ರಷ್ಟಾದರೂ ಹಾಯಬೇಕು. ಈ ನಿಯಮವೂ ನ್ಯಾಯಾಲಯದ ಆದೇಶವೂ ನಮಗೆ ತಿಳಿಯದ ಸಂಗತಿಗಳಾಗಿರಲಿಲ್ಲ. ಆದರೆ ಮಠದ ವಾಹನವನ್ನು ಯಾರು ತಡೆದಾರು ಎಂಬ ಭಾವ ಒಳಗೆ ಮನೆಮಾಡಿತ್ತು. ಒಳಗೆ ನೆರಳು ಹಿತವಾಗಿತ್ತೆಂಬುದೂ ಸುಳ್ಳಲ್ಲ.

ಒಂದು ಮಧ್ಯಾಹ್ನ ಪಾಂಡವಪುರದಿಂದ ತೊಣ್ಣೂರಿನ ಕಡೆಗೆ ಹೋಗುತ್ತಿದ್ದೆವು. ಕಬ್ಬಿನ ಗಾಡಿಗಳ ಸಾಲು ಇದ್ದುದರಿಂದ ಕಾರು ನಿಧಾನವಾಗಿ ಸಾಗುತ್ತಿತ್ತು. ರಸ್ತೆಯ ಬದಿಯಲ್ಲಿ ಪರಿಚಿತ ವೃದ್ಧೆಯೊಬ್ಬರು ಗಂಟು ಹೊತ್ತು ಬಿಸಿಲಿನಲ್ಲಿ ನಡೆಯುತ್ತಿದ್ದರು. ಅವರನ್ನು ನಾವು ಕಂಡೆವು. ಕಾರಿನಲ್ಲಿ ಸ್ಥಳವೂ ಇತ್ತು. ಆದರೆ ನಿಲ್ಲಿಸೆಂದು ಹೇಳಲಿಲ್ಲ, ಹೊತ್ತಾಗುತ್ತದೆ ಎಂದುಕೊಂಡೆವು. ಅವರಿಗೆ ನಾವು ಕಾಣುತ್ತಿಲ್ಲವೆಂಬ ಧೈರ್ಯವೇ ಆ ಅಲಕ್ಷ್ಯಕ್ಕೆ ಆಸರೆಯಾಯಿತು.

ಕೆಲವು ದಿನಗಳ ಮೇಲೆ ಆ ತಾಯಿ ಮಠಕ್ಕೆ ಬಂದು ಹೇಳಿದರು: “ಅವತ್ತು ನಿಮ್ ಕಾರು ಹೋಯ್ತು ಬುದ್ಧಿ. ಒಳಗಡೆ ನೀವಿದ್ರೋ ಇಲ್ವೋ ಕಾಣ್ನಿಲ್ಲ. ಇದ್ರೆ ಇರ್ಲಿ ಅಂತ ಕೈ ಮುಗ್ದೆ.”

ನಮಗೆ ಮಾತು ಹೊರಡಲಿಲ್ಲ. ಆಕೆ ಕಾಣದವರಿಗೂ ಕೈಮುಗಿದಿದ್ದರು. ನಾವು ಕಂಡವರಿಗೂ ಬಾಗಿಲು ತೆರೆದಿರಲಿಲ್ಲ.

ಮರುದಿನವೇ ಹಾಳೆ ಕೀಳಿಸಲು ನಿಂತೆವು. ಬಿಸಿಲಿಗೆ ಬಣ್ಣಗೆಟ್ಟು ಅದು ನೇರಳೆಗೆ ತಿರುಗಿತ್ತು, ಅಲ್ಲಲ್ಲಿ ಗುಳ್ಳೆಯೆದ್ದಿತ್ತು. ಚಾಲಕನು ಸೋಪಿನ ನೀರು ಬಳಿದು, ಪ್ಲಾಸ್ಟಿಕ್ ಹೊದಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸಿದನು. ಬಳಿಕ ಮೂಲೆಯಿಂದ ಉಗುರಿನಲ್ಲಿ ಎಬ್ಬಿಸಿದಾಗ ಹಾಳೆಯು ಪಟ್ಟಿಪಟ್ಟಿಯಾಗಿ ಬಂದಿತು. ಆದರೆ ಅಂಟು ಗಾಜಿನಲ್ಲಿಯೇ ಉಳಿಯಿತು. ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ಸಣ್ಣ ಗೆರೆಗಳಿದ್ದವು. ಅವನ್ನು ತೋರಿಸಿ ಅವನೆಂದನು: “ಬ್ಲೇಡ್ ಹಾಕಿದ್ರೆ ಇವು ಕಿತ್ತೋಗ್ತವೆ ಬುದ್ಧಿ. ನೆನೆಯೋಕೆ ಬಿಟ್ಟು ಮೆಲ್ಲಗೆ ಒರೆಸ್ಬೇಕು.” ಹಾಳೆ ಕಿತ್ತುದು ಒಂದು ತಾಸಿನ ಕೆಲಸ, ಅಂಟು ತೆಗೆಯಲು ಸಂಜೆಯವರೆಗೆ ಹಿಡಿಯಿತು.

ಆಗ ಆ ಎರಡು ತೀರ್ಪುಗಳ ಮರ್ಮ ತಿಳಿಯಿತು. ಬಾಗಿಲು ಮುಚ್ಚಿಕೊಂಡವನು ಇತರರಿಗೆ ಕಾಣುವುದಿಲ್ಲ, ಇತರರೂ ಅವನಿಗೆ ಕಾಣುವುದಿಲ್ಲ. ಅಲ್ಲಿ ಸಮಾನತೆಯಿದೆ, ಅದು ಏಕಾಂತ. ಕಪ್ಪು ಗಾಜಿನ ಹಿಂದೆ ಕುಳಿತವನಾದರೋ ಎಲ್ಲರನ್ನೂ ಕಾಣುತ್ತಾನೆ, ತಾನು ಮಾತ್ರ ಯಾರಿಗೂ ಕಾಣುವುದಿಲ್ಲ. ಅದು ಏಕಾಂತವಲ್ಲ, ಮೇಲುಗೈ. ಎಲ್ಲರ ರಸ್ತೆಯಲ್ಲಿದ್ದುಕೊಂಡು ಎಲ್ಲರ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಋಣವಿಟ್ಟುಕೊಂಡು ನಡೆದಂತೆ. ಅಧಿಕಾರಿಯಾಗಲಿ, ಶ್ರೀಮಂತನಾಗಲಿ, ಕಾವಿ ಧರಿಸಿದವನಾಗಲಿ, ಜನರ ವಿಶ್ವಾಸದಿಂದ ಬದುಕುವವನಿಗೆ ಈ ಋಣ ಇನ್ನೂ ಭಾರವಾದುದು.

ಬಳಿಕ ಮತ್ತೊಮ್ಮೆ ತೊಣ್ಣೂರಿಗೆ ಹೋದಾಗ ಕೆರೆಯ ಏರಿಯ ಮೇಲೆ ನಿಂತೆವು. ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ ಎಂಬ ಹೆಸರೂ ಅದಕ್ಕುಂಟು. ಅಂಚಿನ ನೀರಿನಲ್ಲಿ ತಳದ ಕಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆ ಕೆರೆಗೆ ಆಳವಿಲ್ಲವೆಂದು ಯಾರೂ ಹೇಳರು. ಆಳವಿದ್ದೂ ತಿಳಿಯಾಗಿರಬಹುದು, ಗಂಭೀರವಾಗಿರಲು ಕದಡಿಕೊಳ್ಳಬೇಕಾಗಿಲ್ಲ.

ಬಂಧುಗಳೇ, ಕಾನೂನು ಹಾಳೆಯನ್ನು ಕೀಳಿಸಬಲ್ಲುದು, ಅಂಟನ್ನು ತೆಗೆಯಲಾರದು. ನಮ್ಮ ಕಾರಿನ ಗಾಜು ಇಂದು ತಿಳಿಯಾಗಿದೆ. ಆದರೂ ದಾರಿಯಲ್ಲಿ ಯಾರಾದರೂ ಕೈಯೆತ್ತಿದಾಗ ಮುಖವನ್ನು ಪುಸ್ತಕದತ್ತ ತಿರುಗಿಸುವ ಮನಸ್ಸು ಒಮ್ಮೊಮ್ಮೆ ಬರುವುದುಂಟು. ಆ ಅಂಟನ್ನು ದಿನದಿನವೂ ನೆನೆಸಿ, ಮೆಲ್ಲಗೆ ಒರೆಸುತ್ತಿರಬೇಕು. ನಿಮ್ಮ ಗಾಜನ್ನೂ ಒಮ್ಮೆ ಹೊರಗಿನಿಂದ ನಿಂತು ನೋಡಿಕೊಳ್ಳಿರಿ.