ಕಿವಿಗೊಡುವುದು

ಸಂಗೀತ ಕೇಳಲು ಬಿಡುವಿಲ್ಲವೆಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಇಷ್ಟೊಂದು ಸಂಗೀತ ಜನರ ಕಿವಿಗೆ ಬಿದ್ದ ಕಾಲ ಹಿಂದೆಂದೂ ಇರಲಿಲ್ಲ. ಬಸ್ಸಿನಲ್ಲಿ ಹಾಡು, ಹೋಟೆಲಿನಲ್ಲಿ ಹಾಡು, ಜೇಬಿನ ಫೋನಿನಲ್ಲಿ ಹಾಡು. ಹೊತ್ತೂ ಇದೆ, ಹಾಡೂ ಇದೆ. ಹಾಡಿಗೆಂದೇ ಎತ್ತಿಟ್ಟ ಹೊತ್ತು ಮಾತ್ರ ಕಾಣೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಸದ್ದು ಕಿವಿಗೆ ‘ಬೀಳುತ್ತದೆ’. ಹಾಡಿಗೆ ನಾವು ಕಿವಿ ‘ಕೊಡುತ್ತೇವೆ’. ಬೀಳುವುದಕ್ಕೆ ನಮ್ಮ ಒಪ್ಪಿಗೆ ಬೇಡ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಧ್ವನಿವರ್ಧಕದ ಅಬ್ಬರ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಕೊಡುವುದಾದರೋ ಮನಸ್ಸಿನಿಂದಲೇ ಆಗಬೇಕು.

ಪೂರ್ತಿ ಕಿವಿಗೊಟ್ಟರೆ ಏನಾಗುತ್ತದೆಂಬುದಕ್ಕೆ ನಾಯಕನಹಟ್ಟಿ ಸೇರಿರುವ ಚಳ್ಳಕೆರೆ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಾಗಿರಲಿಲ್ಲ. ಆದರೂ ಕಾಡುಗೊಲ್ಲರ ವೀರರ, ದೇವರ ಕಥನಗಳ ಸಾವಿರಾರು ಪದಗಳು ಅವರ ನಾಲಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಮುಂಚಿನವರು ಹಾಡುವಾಗ ಕೇಳಿದ್ದೇ ಆ ಅಜ್ಜಿಯ ಓದು. ನಡುವೆ ಒಂದೇ ಒಂದು ತಲೆಮಾರು ಅರೆಮನಸ್ಸಿನಿಂದ ಕೇಳಿದ್ದರೆ ಆ ಹಾಡುಗಳು ಅಲ್ಲಿಗೇ ಮುಗಿಯುತ್ತಿದ್ದವು. ಹಾಡನ್ನು ಉಳಿಸಿದ ಪುಣ್ಯದಲ್ಲಿ ಹಾಡಿದವರಿಗೆಷ್ಟು ಪಾಲೋ ಕೇಳಿದವರಿಗೂ ಅಷ್ಟೇ.

‘ಅವರಿಗೆ ಬಿಡುವಿತ್ತು, ಬೇರೆ ಮನರಂಜನೆ ಇರಲಿಲ್ಲ’ ಎನ್ನುವವರುಂಟು. ಎರಡನೆಯ ಮಾತು ನಿಜವಿರಬಹುದು; ಮೊದಲನೆಯದನ್ನು ನಾನು ಒಪ್ಪಲಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೊಂದು. ಕುರಿ ಮೇಯಿಸಿ, ಶೇಂಗಾ ಕಿತ್ತು, ನೀರು ಹೊತ್ತು ಬಾಳುವವರಿಗೆ ಕಚೇರಿಯವರಿಗಿಂತ ಹೆಚ್ಚಿನ ಬಿಡುವು ಎಲ್ಲಿಂದ ಬರಬೇಕು? ಆದರೂ ಜುಂಜಪ್ಪನ ಕಾವ್ಯವನ್ನು ಗಣೆಯ ನಾದದೊಡನೆ ರಾತ್ರಿಯಿಡೀ ಹಾಡುವ ಪದ್ಧತಿ ಕಾಡುಗೊಲ್ಲರಲ್ಲಿ ಬೆಳೆದುಬಂತು. ದಣಿದ ಮೈಯವರೇ ಕೂತು ಅದನ್ನು ಕೇಳಿದರು. ನಡುವೆ ಮಗು ಅತ್ತಿರಬಹುದು, ಯಾರೋ ತೂಕಡಿಸಿರಬಹುದು, ಅದರಿಂದ ಭಂಗವಿಲ್ಲ. ಕಥೆ ಎಷ್ಟು ಉದ್ದವೋ ಅಷ್ಟು ಇರುಳನ್ನು ಅದಕ್ಕೆ ಬಿಟ್ಟುಕೊಟ್ಟರಲ್ಲ, ಅದು ದೊಡ್ಡದು. ಹಾಡಿಗೆ ಅದರದೇ ಅಳತೆಯ ಹೊತ್ತನ್ನು ಕೊಡುವುದನ್ನೇ ನಾನು ಪೂರ್ಣ ಗಮನವೆಂದು ತಿಳಿಯುತ್ತೇನೆ.

ಗ್ರಾಮಫೋನು ಬಂದಾಗ ಈ ಅಳತೆಗೆ ಕತ್ತರಿ ಬಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹಾಡನ್ನು ಮುದ್ರಿಸಿದ, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ತಟ್ಟೆಯಲ್ಲಿದ್ದುದೇ ಅಷ್ಟು ಜಾಗ. ಅಂದಿನ ಕೊರತೆ ಯಂತ್ರದ್ದು. ಇಂದಿನ ಯಂತ್ರ ಬೆಳಗಿನವರೆಗೂ ಹಾಡಬಲ್ಲದು. ಮೂರು ನಿಮಿಷ ಕಳೆಯುವ ಮೊದಲೇ ಬೆರಳು ಸರಿಸಿ ಮುಂದಿನ ಹಾಡಿಗೆ ಹೋಗುವವರು ನಾವು.

‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ನಾಯಕನಹಟ್ಟಿಯ ಸ್ವಾಮಿಯ ಹೆಸರಿನಲ್ಲಿ ನಡೆದುಬಂದ ಮಾತು. ದುಡಿಮೆ ಎಷ್ಟೋ ಫಲವೂ ಅಷ್ಟು ಎಂದು ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಕೇಳುವುದೂ ಒಂದು ದುಡಿಮೆಯೇ ಅಲ್ಲವೆ? ಕಾಲು ಕಿವಿ ಕೊಟ್ಟವನಿಗೆ ಕಾಲು ಹಾಡೇ ದಕ್ಕೀತು. ದಿನವೂ ರಾತ್ರಿಯಿಡೀ ಕೂರಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ವಾರಕ್ಕೊಮ್ಮೆಯಾದರೂ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ, ಬೇರೆ ಕೆಲಸ ಬದಿಗಿಟ್ಟು ಕೇಳಬಹುದು. ಹಾಡುವವರು ತಮ್ಮ ಆಯುಸ್ಸಿನ ಒಂದು ಗಂಟೆಯನ್ನು ತಂದು ನಮ್ಮ ಮುಂದಿಡುತ್ತಾರೆ. ಅದರ ಪಕ್ಕದಲ್ಲಿ ನಮ್ಮದೂ ಒಂದು ಗಂಟೆ ಇರಲಿ.